ಕೆಂಪು ತಂತಿ

ಲಿಂಗಸುಗೂರಿನ ಜಾಗೀರದಾರರ ಮೋಟಾರು ಓಡಿಸುವ ದ್ಯಾವಪ್ಪನಿಗೆ ಅಂದು ಸಂಜೆಯೊಳಗೆ ಒಂದು ಕೆಲಸ ಮುಗಿಯಲೇಬೇಕಿತ್ತು. ಜಾಗೀರದಾರರ ತಾಯಿಗೆ ಉಬ್ಬಸ ಏರಿತ್ತು. ಮರುದಿನ ನಸುಕಿನಲ್ಲಿ ಮಸ್ಕಿ ದಾಟಿ ಸಿಂಧನೂರಿನ ಡಾಕ್ಟರ ಬಳಿ ಕರೆದೊಯ್ಯಬೇಕು. ಪುಷ್ಯಮಾಸದ ಚಳಿ ಬೇರೆ. ಹೈದರಾಬಾದಿನಿಂದ ತಂದ ಆ ವಿಲಾಯ್ತಿ ಮೋಟಾರಿನಲ್ಲಿ ಬಿಸಿಗಾಳಿ ಬಿಡುವ ಪೆಟ್ಟಿಗೆಯೊಂದಿತ್ತು. ನಾಲ್ಕು ವರ್ಷ ಅದು ಯಾರಿಗೂ ಬೇಕಾಗಿರಲಿಲ್ಲ. ಈಗ ಸ್ವಿಚ್ಚು ತಿರುಗಿಸಿದರೆ ಒಳಗಿನ ಗಾಳಿ ಬೀಸುವ ಪಂಖಾ ಅಲ್ಲಾಡಲಿಲ್ಲ. ಅದನ್ನೇ ಸರಿಮಾಡಬೇಕಿತ್ತು.

ದ್ಯಾವಪ್ಪ ಮೋಟಾರನ್ನು ಮೆಲ್ಲಗೆ ತನ್ನ ಮನೆಯ ಬೇವಿನ ನೆರಳಿಗೆ ತಂದು, ಹೆಂಡತಿ ಆದೆಮ್ಮನನ್ನು ಕರೆದ. ಮೊದಲು ಬ್ಯಾಟರಿಯಿಂದ ಪಂಖಾಕ್ಕೆ ನೇರವಾಗಿ ತಂತಿ ಮುಟ್ಟಿಸಿದ. ಅದು ಗುರ್ರೆಂದು ತಿರುಗಿತು.

"ಪಂಖಾ ಛಲೋ ಐತಿ," ಅಂದ.

ಹಿಂದಿನ ದೀಪದ ಬಲ್ಬು ಬಿಚ್ಚಿ, ಅದಕ್ಕೆ ತಂತಿ ಸುತ್ತಿ, ಸ್ವಿಚ್ಚಿಗೆ ಕರೆಂಟು ಬರುವ ಕಡೆ ಹಿಡಿದ.

"ಹತ್ತೇತೇನು ನೋಡು."

"ಹತ್ತೇತಿ. ನಿನ್ನ ಕೈಯಾಗೇ ಐತಲ್ಲ, ನಿನಗ ಕಾಣವಲ್ದೇನು?"

"ಬಿಸಲಿಗೆ ತಿಳಿಯವಲ್ದು."

ಅಲ್ಲಿ ಬಿಸಿಲಿರಲಿಲ್ಲ. ಆದೆಮ್ಮ ಬಲ್ಬಿನ ಹತ್ತಿರಕ್ಕೆ ಸರಿದು ಕೂತಳು.

ಸ್ವಿಚ್ಚು ತಿರುಗಿಸಿಟ್ಟು, ಅದರಿಂದ ಹೊರಡುವ ಎರಡು ತಂತಿಗಳಿಗೂ ಬಲ್ಬು ಹಿಡಿದ. ಎರಡಕ್ಕೂ ಹತ್ತಲಿಲ್ಲ ಎಂದಳು. ಹಾಗಾದರೆ ಕೆಟ್ಟಿರುವುದು ಸ್ವಿಚ್ಚೇ. ಅದನ್ನು ಬಿಚ್ಚಿ, ಒಳಗಿನ ತಾಮ್ರದ ನಾಲಿಗೆಯನ್ನು ಉಗುರಿನಿಂದ ಸವರಿದ. ಕಿಲುಬು ಗಟ್ಟಿಯಾಗಿ ಕೂತಿತ್ತು. ಚಾಕುವಿನ ತುದಿಯಿಂದ ಕೆರೆದು ಒರೆಸಿದ. ಆಮೇಲೆ ಮೂರು ತಂತಿಗಳನ್ನು ಅಂಗೈಯಲ್ಲಿ ಹಿಡಿದು ಕೇಳಿದ:

"ಇದರಾಗ ಕೆಂಪುದು ಯಾವುದು?"

ಒಂದು ಕೆಂಪು, ಒಂದು ಹಳದಿ, ಒಂದು ಕರಿ. ಆದೆಮ್ಮ ತಂತಿ ಬಿಟ್ಟು ಅವನ ಕಣ್ಣುಗಳನ್ನು ನೋಡಿದಳು.

"ಯಾವಾಗಿಂದ ಹಿಂಗ?"

"ದಸರಾದಿಂದ. ಮೊದ್ಲು ಹೊಗಿ ಮುಸುಕಿದಂಗ ಇತ್ತು. ಈಗ ಮಂದಿ ಬರೇ ನೆಳ್ಳಿನಂಗ ಕಾಣ್ತಾರ. ಮೊನ್ನಿ ಸಾಲಗುಂದದ ಹತ್ರ ಎತ್ತಿನ ಗಂಟಿ ಕೇಳಿ ಬ್ರೇಕ್ ಹಾಕೀನಿ. ಬಂಡಿ ಕಂಡೇ ಇರಲಿಲ್ಲ."

"ಸಾಹೇಬ್ರಿಗೆ ಹೇಳು."

"ಹೇಳಿದ್ರ ಕೆಲಸಾನೂ ಹೋಕ್ಕತಿ, ಅವರು ಕೊಟ್ಟ ಈ ಮನೀನೂ ಹೋಕ್ಕತಿ."

"ಹೇಳದಿದ್ರ ನಾಳೆ ಆ ಮುದಿಜೀವ ಹೋಕ್ಕತಿ. ನೀನೂ ಹೋಗ್ತಿ."

ಆದೆಮ್ಮ ಕೆಂಪು ತಂತಿಯನ್ನು ಅವನ ಬೆರಳುಗಳ ನಡುವೆ ಇಟ್ಟಳು. ಅವನು ತಡವರಿಸುತ್ತಲೇ ಮೂರನ್ನೂ ಬಿಗಿದ. ಸ್ವಿಚ್ಚು ತಿರುಗಿಸಿದಾಗ ಪಂಖಾ ತಿರುಗಿತು. ಇಂಜಿನ್ನು ಕಾದ ಮೇಲೆ ಬಿಸಿಗಾಳಿ ಕಾಲಿಗೆ ಬಡಿಯಿತು. ಇಬ್ಬರಿಗೂ ಸಂತೋಷವಾಗಲಿಲ್ಲ.

ಸಂಜೆ ಜಾಗೀರದಾರರೇ ಬಂದು ಗಾಳಿಗೆ ಕೈಯೊಡ್ಡಿ ನೋಡಿದರು. "ಶಾಬಾಸ್ ದ್ಯಾವಪ್ಪಾ!" ಅಂದರು.

ದ್ಯಾವಪ್ಪ ಬೀಗದ ಕೈಯನ್ನು ಅವರತ್ತ ಚಾಚಿದ. "ಸಾಹೇಬ್ರ, ನನ್ನ ಕಣ್ಣು ಹೋಗ್ಯಾವ್ರಿ. ನಾಳಿ ನಾ ಓಡ್ಸಂಗಿಲ್ಲ."

ಜಾಗೀರದಾರರು ನಂಬದೆ ಅವನ ಮುಖದೆದುರು ಬೆರಳಾಡಿಸಿದರು. ಕಣ್ಣು ಕದಲಲಿಲ್ಲ. ಮಸ್ಕಿಯಲ್ಲಿ ಬಸ್ಸು ಓಡಿಸುತ್ತಿದ್ದ ಗೌಸ್‌ಸಾಬನನ್ನು ಕರೆತರಲು ಆಗಲೇ ಆಳು ಕಳಿಸಿದರು. ಹೊರಡುವಾಗ ಮೆಲುದನಿಯಲ್ಲಿ, "ಗೌಸ್‌ಸಾಬನಿಗೆ ಇರಾಕ ಮನಿ ಬೇಕಾಗ್ತದ. ಅಮಾಸಿ ಮಟ ಇರ್ರಿ," ಅಂದರು.

ಬೆಳಗಾಗುವ ಮುನ್ನ ಮೋಟಾರು ಸಿಂಧನೂರಿನ ಕಡೆ ಹೋಯಿತು. ಆದೆಮ್ಮ ಗಡಿಗೆಗಳನ್ನು ಇಳಿಸತೊಡಗಿದಳು. "ಯಾವ ಊರಿಗೆ ಹೋಗೂಣು?" ಎಂದು ಕೇಳಿದಳು. ದ್ಯಾವಪ್ಪ ಹೊಸ್ತಿಲಲ್ಲಿ ಕೂತೇ ಇದ್ದ. ಅವನಿಗೆ ಒಂದು ಊರಿನ ಹೆಸರೂ ನೆನಪಾಗಲಿಲ್ಲ.