ಕೊನೆಯವರ ಹಿಂದಿನ ಗಾಡಿ

"ಮೊದಲ ಆ ಬಾಳಿಹಣ್ಣಿನ ಬುಟ್ಟಿ ಇಳಸ್ರಿ. ಇಲ್ಲಂದ್ರ ಅಣ್ಣನ್ನ ಎಲ್ಲಿ ಮಲಗಸ್ತೀರಿ?" ಎಂದು ಭೀಮಶಿ ಕೂಗಿದ.

ಸ್ವಪ್ನಿಲ್ ಟಂಟಂ ಗಾಡಿ ಏರಿ ಬುಟ್ಟಿಯನ್ನು ಕೆಳಗಿದ್ದವರ ಕೈಗೆ ಕೊಟ್ಟ. ಆಮೇಲೆ ನೀರಿನ ಕ್ಯಾನುಗಳು, ಗ್ಲುಕೋಸ್ ಡಬ್ಬಿ, ಒಂದು ಹಳೆಯ ಗಾದಿ. ಎಲ್ಲವನ್ನೂ ಅವನಪ್ಪ ಸತ್ಯಪ್ಪ ನಿನ್ನೆ ಸಂಜೆ ತಾನೇ ಹೇರಿಟ್ಟಿದ್ದ. ಹೇರಿ, ಕೈಕಾಲು ತೊಳೆದು, ಎದೆ ಹಿಡಿದಂಗ ಆಗಾಕತ್ತೇತಿ ಎಂದು ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಹಿಡಕಲ್ ಹಿನ್ನೀರಿನ ಸುತ್ತ ಗುಡ್ಡ ಹತ್ತಿ ಇಳಿಯುವ ಹಾಫ್ ಮ್ಯಾರಥಾನ್ ಇವತ್ತೇ ಇತ್ತು. ವರ್ಷವೂ ಆ ಓಟದಲ್ಲಿ ಎಲ್ಲರಿಗಿಂತ ಹಿಂದೆ ಬೀಳುವವರ ಬೆನ್ನಿಗೆ ಹೋಗುವ ಗಾಡಿ ಸತ್ಯಪ್ಪನದು. ಇನ್ನಾಗದು ಎಂದು ಕೈ ಎತ್ತಿದವರನ್ನು ಹತ್ತಿಸಿಕೊಂಡು ಬರುವುದು ಅವನ ಕೆಲಸ. ಉಳಿದ ದಿನಗಳಲ್ಲಿ ಅದೇ ಗಾಡಿಯಲ್ಲಿ ಹುಕ್ಕೇರಿ ಸಂತೆಗೆ ಕಾಯಿಪಲ್ಲೆ, ಸಿಮೆಂಟು, ಕುರಿ, ಸಿಕ್ಕಿದ್ದನ್ನೆಲ್ಲ ಸಾಗಿಸುತ್ತಿದ್ದ.

ಸತ್ಯಪ್ಪನ ಹೆಂಡತಿ ಸಾವಂತ್ರೆವ್ವ ಬಾಗಿಲ ಕಂಬ ಹಿಡಿದು ನಿಂತಿದ್ದಳು. ರಾತ್ರಿಯೇ ಅತ್ತು ಮುಗಿದಿತ್ತು. ಈಗ ಎಲ್ಲಾದರೂ ಒಂದಷ್ಟು ಹೊತ್ತು ಬಿದ್ದುಕೊಳ್ಳಬೇಕು ಅನ್ನಿಸುತ್ತಿತ್ತು, ಅದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು.

ಮೈದುನ ಭೀಮಶಿ ಹತ್ತಿರ ಬಂದ. "ವೈನಿ, ನೀವು ಮನ್ಯಾಗ ಇರ್ರಿ. ಗುಡ್ಡದ ದಾರಿ ಐತಿ, ನಿಮ್ಮ ಮೊಣಕಾಲು ಕೇಳಂಗಿಲ್ಲ."

"ನಾ ಬರ್ತೇನಿ."

"ಬಂದ್ರೂ ಕೆನಾಲ್ ಸೇತುವಿ ತನಕ ಅಷ್ಟ. ಅಲ್ಲಿಂದ ಮುಂದ ಹೆಣ್ಮಕ್ಕಳು ಬರಂಗಿಲ್ಲ, ಗೊತ್ತೈತೆಲ್ಲ?"

"ಗೊತ್ತೈತಿ. ಆದ್ರೂ ಮಣ್ಣಾಗೂ ತನಕ ಅವ್ರ ಬಾಜೂಕ ನಡೀಬೇಕು ನಾನು. ಇದೊಂದು ಕೇಳಾಕತ್ತೇನಿ, ಮತ್ತೇನಿಲ್ಲ."

ಭೀಮಶಿ ಗಾಡಿಯ ಕಡೆ ತಿರುಗಿದ. ಸೇತುವೆಯ ತನಕ ಈಕೆ ಮುಟ್ಟಿದರಲ್ಲವೇ ಮುಂದಿನ ಮಾತು ಎಂದುಕೊಂಡ. ಬಿಸಿಲೇರುವುದರೊಳಗೆ ಎಲ್ಲ ಮುಗಿಯಬೇಕಿತ್ತು.

*

ಮದುವೆಯ ಹೊಸತರಲ್ಲಿ ಸೀರೆ ತರಲು ಗಂಡ ಹೆಂಡತಿ ಗೋಕಾಕಕ್ಕೆ ಹೋಗಿದ್ದರು. ಬಸ್ಸಿನಿಂದ ಇಳಿದವನೇ ಸತ್ಯಪ್ಪ ಹಿಂದೆ ನೋಡದೆ ಹೊರಟ. ಸಾವಂತ್ರೆವ್ವ ಅವನ ಬಿಳಿ ಟೊಪ್ಪಿಗೆಯ ಮೇಲೆ ಕಣ್ಣಿಟ್ಟು ಸೆರಗು ಹಿಡಿದುಕೊಂಡು ಓಡಿದಳು. ಗೋಕಾಕದ ಪೇಟೆಯಲ್ಲಿ ಬಿಳಿ ಟೊಪ್ಪಿಗೆಗೇನು ಬರಗಾಲವೇ? ಯಾವನದೋ ಟೊಪ್ಪಿಗೆಯ ಬೆನ್ನು ಹತ್ತಿ ಸೀದಾ ಕೋರ್ಟಿನ ಬಾಗಿಲಿಗೆ ಹೋಗಿ ನಿಂತಳು. ಆ ಮನುಷ್ಯ ತಿರುಗಿ, "ಯಾರ ಬೇಕವ್ವಾ?" ಎಂದಾಗ ಅಳುವುದೊಂದು ಬಾಕಿ. ಸತ್ಯಪ್ಪ ಹುಡುಕಿಕೊಂಡು ಬಂದವನು, "ನಡ್ಯಾಕ ಬರಂಗಿಲ್ಲೇನ ನಿನಗ?" ಎಂದು ಬೈದು, ಮತ್ತೆ ಮುಂದೆ ನಡೆದ.

ಕುಡಿಯುವವನಲ್ಲ, ಹೊಡೆಯುವವನಲ್ಲ. ಜ್ವರ ಬಂದರೆ ರಾತ್ರಿಯೆಲ್ಲ ಹಣೆಗೆ ತಣ್ಣೀರು ಪಟ್ಟಿ ಹಾಕುತ್ತಿದ್ದ. ಆದರೆ ಸಂತೆಗೆ, ಮದುವೆಗೆ, ದವಾಖಾನೆಗೆ, ಎಲ್ಲಿಗೇ ಹೋದರೂ ಅವನು ಮುಂದೆ, ಅವಳು ಹಿಂದೆ. ಆಕೆ ಕಂಡಿದ್ದೆಲ್ಲ ಅವನ ಬೆನ್ನು.

ಹೋದ ವರ್ಷ ಓಟದ ದಿನ ಅವಳೂ ಗಾಡಿಯಲ್ಲಿ ಕೂತು ಹೋಗಿದ್ದಳು. ಮುಂದೆ ಬ್ಯಾಂಕಿನವಳಂತೆ ಒಬ್ಬಾಕೆ, ಏದುಸಿರು ಬಿಡುತ್ತ, ಓಟವೂ ಅಲ್ಲ ನಡಿಗೆಯೂ ಅಲ್ಲ ಅನ್ನುವ ಹಾಗೆ ಗುಡ್ಡ ಹತ್ತುತ್ತಿದ್ದಳು. ಸತ್ಯಪ್ಪ ಫಸ್ಟ್ ಗೇರಿನಲ್ಲಿ ಹಿಂದೆ ಹಿಂದೆ.

"ಒಂದು ಹಾರ್ನರ ಹೊಡೀರಿ. ಲಗೂನ ಹೋಗ್ತಾಳ," ಎಂದಳು ಸಾವಂತ್ರೆವ್ವ.

"ಬ್ಯಾಡ, ಹೆದರತಾಳ. ಆಕಿ ಪಾಡಿಗಿ ಆಕಿ ಹೋಗಲಿ."

ಸಾವಂತ್ರೆವ್ವ ಸರ್ರನೆ ಅವನತ್ತ ತಿರುಗಿದಳು. "ಗುರುತಿಲ್ಲ, ಪರಿಚಯ ಇಲ್ಲ, ಮುಂಜಾನಿಂದ ಆಕಿ ಹಿಂದ ಇರಿವಿ ಹರದಂಗ ಹೊಂಟೀರಿ. ನನಗೊಮ್ಮೆರ ಹಿಂಗ ನಿಂತೀರೇನ್ರಿ?"

ಸತ್ಯಪ್ಪ ಅವಳನ್ನೇ ನೋಡಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ನೀ ಹಿಂದ ಬರತಿದ್ದೆಲ್ಲ!" ಎಂದ.

ಅವಳು ಎರಡು ದಿನ ಅವನೊಂದಿಗೆ ಮಾತು ಬಿಟ್ಟಿದ್ದಳು.

*

ಊರು ದಾಟಿದ ಕೂಡಲೇ ಏರು ಶುರುವಾಯಿತು. ಸ್ವಪ್ನಿಲ್ ಗಾಡಿ ಹೊಡೆಯುತ್ತಿದ್ದ. ಗಂಡಸರು ಅದರ ಹಿಂದೆ ಬಿರಬಿರನೆ ಹೆಜ್ಜೆ ಹಾಕುತ್ತಿದ್ದರು. ಹೆಂಗಸರು ಹಿಂದೆ ಬಿದ್ದರು, ಸಾವಂತ್ರೆವ್ವ ಹೆಂಗಸರಿಗಿಂತಲೂ ಹಿಂದೆ. ಮೊಣಕಾಲು ಪ್ರತಿ ಹೆಜ್ಜೆಗೂ ಚುಚ್ಚುತ್ತಿತ್ತು. ಗಾಡಿಯ ಮೇಲಿನ ಚೆಂಡುಹೂವಿನ ಹಾರ ದೂರದಲ್ಲಿ ಸಣ್ಣಗೆ ಕಾಣುತ್ತಿತ್ತು. ಸತ್ತ ಮೇಲಾದರೂ ನಿಂತಾನೆಂದರೆ ಅದೂ ಇಲ್ಲ, ಮುಂದೇ ಹೊರಟಿದ್ದ.

"ಸಾಕ ಬಿಡ ಸಾವಂತ್ರಿ," ಎಂದು ನೆರೆಮನೆಯ ಹನಮವ್ವ ಅವಳ ರಟ್ಟೆ ಹಿಡಿದಳು. "ಇಲ್ಲೇ ಕೈ ಮುಗದು ತಿರುಗೂಣು. ನಿನಗ ಆಗಂಗಿಲ್ಲ."

ಅಷ್ಟರಲ್ಲಿ ತಿರುವಿನಲ್ಲಿ ಗಾಡಿ ನಿಂತಿತು.

ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನೀರು. ನಡುವಿನ ಕಿರಿದಾದ ರಸ್ತೆಯಲ್ಲಿ ಎದೆಗೆ ನಂಬರಿನ ಚೀಟಿ ಹಚ್ಚಿಕೊಂಡ ನಡುವಯಸ್ಸಿನ ಹೆಂಗಸೊಬ್ಬಳು ಕಾಲೆಳೆಯುತ್ತ ಹೋಗುತ್ತಿದ್ದಳು. ಓಟದವರೆಲ್ಲ ಮುಂದೆ ಹೋಗಿಬಿಟ್ಟಿದ್ದರು. ಗಾಡಿಯ ಸದ್ದು ಕೇಳಿ ತಿರುಗದೆಯೇ ಕೈ ಎತ್ತಿದಳು.

"ಅಂತೂ ಬಂದ್ರೆಲ್ಲ! ನನ್ನ ಕಡಿಂದ ಆಗಂಗಿಲ್ರಿ ಇನ್ನ. ಹತ್ತಿಸ್ಕೊಳ್ರಿ."

ತಿರುಗಿದಾಗ ಹಾರ ಕಂಡಿತು. ಎತ್ತಿದ ಕೈ ಬಾಯಿಗೆ ಬಂತು. "ಅಯ್ಯ ಶಿವನ! ತಪ್ಪಾತ್ರಿ," ಎಂದು ರಸ್ತೆಯಂಚಿಗೆ ಸರಿದಳು.

"ಸ್ವಪ್ನಿಲ್, ಬಾಜೂಕ ತಗೊಂಡು ಮುಂದ ನಡಿ," ಎಂದ ಭೀಮಶಿ.

"ತಡೀ!"

ಸಾವಂತ್ರೆವ್ವ ಬಂದು ಮುಟ್ಟಿದ್ದಳು. ಗಾಡಿಯ ಬದಿಯ ಹಲಗೆಯನ್ನು ಎರಡೂ ಕೈಯಿಂದ ಹಿಡಿದು ದಮ್ಮು ಎಳೆದುಕೊಂಡಳು. "ಆ ತಂಗಿ ಮುಂದ ಹೋಗಲಿ. ನಾವು ಹಿಂದ ಹೋಗೂಣು."

"ವೈನಿ, ಹೊತ್ತೇರಾಕತ್ತೇತ್ರಿ!"

"ನಿಮ್ಮಣ್ಣ ಎಂದರ ಇಂಥವ್ರನ್ನ ದಾಟಿ ಮುಂದ ಹೋಗ್ಯಾರೇನ?"

ಗಂಡಸರು "ಖರೆ ಐತಿ, ಖರೆ ಐತಿ" ಎಂದರು. ಎಂಥಾ ದೊಡ್ಡ ಮನಸ್ಸು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಗಾಡಿ ನಿಧಾನವಾದರೆ ತನ್ನ ಕಾಲಿಗೆ ಸಿಗುತ್ತದೆ, ಅಷ್ಟೇ ಅವಳ ಲೆಕ್ಕ.

"ಇವರು ಯಾರ್ರಿ?" ಎಂದು ಆ ಹೆಂಗಸು ಮೆಲ್ಲಗೆ ಕೇಳಿದಳು.

"ಇವತ್ತ ನಿನ್ನ ಹಿಂದ ಬರಬೇಕಾದವ್ರು ಇವರ ನೋಡವ್ವಾ. ನೀ ನಡಿ, ಸಾವಕಾಶ ನಡಿ."

ಆಕೆ ಕೈ ಮುಗಿದು ಮುಂದೆ ನಡೆದಳು. ಆಮೇಲೆ ಎಷ್ಟು ದಣಿದರೂ ಪಾಪ, ಕೈ ಎತ್ತುವ ಧೈರ್ಯ ಅವಳಿಗೆ ಬರಲಿಲ್ಲ. ಅವಳ ಹಿಂದೆ ಗಾಡಿ, ಗಾಡಿಯ ಬದಿಗೆ ಹಲಗೆ ಹಿಡಿದು ಸಾವಂತ್ರೆವ್ವ. ಕಣ್ಣೆತ್ತಿದರೆ ಸತ್ಯಪ್ಪನ ಮುಖ ಕಾಣುತ್ತಿತ್ತು. ದಾರಿಯಲ್ಲಿ ನಡೆಯುವಾಗ ಗಂಡನ ಮುಖ ಕಂಡಿದ್ದು ಇದೇ ಮೊದಲು.

ಕೆನಾಲ್ ಸೇತುವೆ ಬಂತು. ಓಟದ ದಾರಿ ಎಡಕ್ಕೆ ಡ್ಯಾಮಿನ ಕಡೆ ಇಳಿಯಿತು, ಆ ಹೆಂಗಸು ತಿರುಗಿ ಇನ್ನೊಮ್ಮೆ ಕೈ ಮುಗಿದು ಹೋದಳು. ಸ್ಮಶಾನದ ದಾರಿ ಬಲಕ್ಕೆ ಗುಡ್ಡದ ಮೇಲೆ. ಹೆಂಗಸರೆಲ್ಲ ನಿಂತರು.

"ಸಾವಂತ್ರೀ, ಬಾ ಇನ್ನ," ಎಂದು ಹನಮವ್ವ ಕರೆದಳು.

ಸಾವಂತ್ರೆವ್ವ ಹಲಗೆ ಬಿಡಲಿಲ್ಲ. ಭೀಮಶಿ ಎದುರಿಗೆ ಬಂದು ನಿಂತ.

"ವೈನಿ, ಸೇತುವಿ ಬಂತ್ರಿ."

"ಬರಲಿ."

"ಮಂದಿ ಏನಂದಾರು?"

"ಏನರ ಅನ್ಲಿ. ಲಗ್ನ ಆದಾಗಿಂದ ಹಿಂದ ನಡದೇನಪ್ಪಾ. ನಡದು ನಡದು ಸಾಕಾಗೇತಿ. ಇವತ್ತ ಬಾಜೂಕ ಸಿಕ್ಕಾರ. ನಾ ಬಿಡಂಗಿಲ್ಲ."

ಭೀಮಶಿ ಸ್ವಪ್ನಿಲ್‌ನ ಕಡೆ ನೋಡಿದ. ಅವನು ಕಣ್ಣೊರೆಸಿಕೊಂಡು ಗಾಡಿಯನ್ನು ಬಲಕ್ಕೆ ಹೊರಳಿಸಿದ. ಸಾವಂತ್ರೆವ್ವ ಹಲಗೆಯ ಜೊತೆಗೇ ಹೊರಳಿದಳು. ಭೀಮಶಿ ದಾರಿ ಬಿಟ್ಟ.

ಈಗ ಮುಂದೆ ಅಡ್ಡ ಇರುವವರು ಯಾರೂ ಇರಲಿಲ್ಲ, ರಸ್ತೆ ಖಾಲಿ. ಅರ್ಧ ಏರಿನಲ್ಲಿ ಅವಳ ಕಾಲು ಸೋತಿತು. ಇನ್ನೊಂದು ಹೆಜ್ಜೆಯೂ ಆಗದೆ ನಿಂತುಬಿಟ್ಟಳು.

ಗಾಡಿ ನಿಂತಿತು.

ಹಿಂದಿನ ಗಂಡಸರೂ ನಿಂತರು. ಭೀಮಶಿ ದಾರಿಬದಿಯ ಕಲ್ಲಿನ ಮೇಲೆ ಕೂತ. ಬಿಸಿಲು ಏರುತ್ತಿತ್ತು. ಸಾವಂತ್ರೆವ್ವ ಹಲಗೆಗೆ ತಲೆ ಆನಿಸಿ, ಅವಸರವಿಲ್ಲದೆ ದಮ್ಮು ತಿರುಗಿಸಿಕೊಂಡಳು.

ಆಮೇಲೆ ಹಾರದ ಕೆಳಗೆ ಕೈ ಹಾಕಿ ಗಂಡನ ತೋಳು ಮುಟ್ಟಿ, "ಹೂಂ, ನಡೀರಿ ಈಗ," ಎಂದಳು.

ಅವಳು ಹೆಜ್ಜೆ ಎತ್ತಿಟ್ಟ ಮೇಲೆಯೇ ಗಾಡಿ ಹೊರಟಿತು.