ದಾರಿಯಲ್ಲಿ ಬಯಲಾದ ಪಾಸ್‌ವರ್ಡ್

ನಮ್ಮದು ಕೆನಡಾದ ನೋವಾ ಸ್ಕೋಶಿಯಾದ ಕರಾವಳಿಯ ಪುಟ್ಟ ಊರು. ಕಾಡಿನಲ್ಲಿ ಯಾರಾದರೂ ದಾರಿ ತಪ್ಪಿದರೆ ಹುಡುಕಲು ಹೋಗುವವರು ನಾವು ಹದಿನಾಲ್ಕು ಜನ. ನಮಗೆ ಕರೆ ಬರುವುದು ನಮ್ಮದೇ ಮೇಲ್ ಸರ್ವರ್‌ನಿಂದ. ಅದನ್ನು ನೋಡಿಕೊಳ್ಳುವವನು ಬಡಗಿ ಲಾಕ್ಲನ್. ಆ ಕಂಪ್ಯೂಟರಿಗೆ ಲಾಗಿನ್ ಆಗುವ ಪಾಸ್‌ವರ್ಡಿನಿಂದಲೇ ಮೇಲ್ ಕೂಡ ತೆರೆಯುವಂತೆ ಅವನು ಮಾಡಿದ್ದ. ನೆನಪಿಡಲು ಒಂದೇ ಸಾಕಲ್ಲ ಎಂದು ನಮಗೂ ಖುಷಿಯಾಗಿತ್ತು.

ಅಕ್ಟೋಬರಿನ ಒಂದು ಬೆಳಿಗ್ಗೆ ನಮ್ಮ ತಂಡದ ಮೀನುಗಾರ ಗಾರ್ನೆಟ್‌ನ ಹೆಸರಿನಲ್ಲಿ ಮೇಲ್ ಬಂತು. ಕ್ರ್ಯಾನ್‌ಬೆರಿ ಹಣ್ಣು ಕೀಳಲು ಹೋದ ಮುದುಕಿ ಜವುಗಿನಲ್ಲಿ ಕಾಣೆಯಾಗಿದ್ದಾಳೆ ಎಂದಿತ್ತು. ಮಂಜಿನಲ್ಲಿ ಮಧ್ಯಾಹ್ನದವರೆಗೂ ಹುಡುಕಿದೆವು. ನಮ್ಮ ಜೊತೆಗಿದ್ದ ಎಲ್ಸಿಯ ಕಾಲು ಕೆಸರಿನಲ್ಲಿ ಹೂತು ಮುರಿಯಿತು. ಸಂಜೆ ಮೀನುದೋಣಿಯಿಂದ ಇಳಿದ ಗಾರ್ನೆಟ್, ತಾನು ಮೇಲ್ ಕಳಿಸಿಯೇ ಇಲ್ಲ ಎಂದ. ಕಾಣೆಯಾದ ಮುದುಕಿಯೂ ಇರಲಿಲ್ಲ. ಯಾರೋ ಅವನ ಪಾಸ್‌ವರ್ಡಿನಿಂದ ಒಳಹೊಕ್ಕು ಕಳಿಸಿದ್ದರು; ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಮುಂದಿನ ವಾರ ನಿಜವಾದ ಕರೆ ಬಂದಾಗ ಹೊರಟವರು ಐದೇ ಜನ. ಉಳಿದವರು ಇದೂ ಸುಳ್ಳಿರಬಹುದೆಂದು ಕುಳಿತರು. ದಾರಿ ತಪ್ಪಿದ್ದ ಬೇಟೆಗಾರ ಸಿಕ್ಕಿದ, ಆದರೆ ತಡವಾಗಿ. ಚಳಿಗೆ ಅವನ ಎರಡು ಬೆರಳು ಹೋದವು.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ದುಡಿದು ನಿವೃತ್ತಳಾದ ನಮ್ಮೂರಿನ ರೋಡಾ, ಲಾಕ್ಲನ್‌ನ ಬಳಿ ಹೋಗಿ, ನಿನ್ನ ಸರ್ವರ್‌ನ ಏರ್ಪಾಟಿನಿಂದಲೇ ಗಾರ್ನೆಟ್‌ನ ಪಾಸ್‌ವರ್ಡ್ ಬಯಲಾಗಿರಬೇಕು ಎಂದಳು. ಅವನು ಒಪ್ಪಲಿಲ್ಲ.

"ಪಾಸ್‌ವರ್ಡೆಲ್ಲಾ ಭದ್ರವಾಗೇ ಇದೆ. ಗಾರ್ನೆಟ್ಟೇ ಎಲ್ಲೋ ಬಾಯಿಬಿಟ್ಟಿರಬೇಕು."

"ಇಟ್ಟಿರೋ ಕಡೆ ಭದ್ರವಾಗಿರಬಹುದು ಕಣೋ. ಫೋನಿಂದ ಸರ್ವರ್‌ಗೆ ಬರೋ ದಾರೀಲಿ?"

ಅವಳು ಅವನನ್ನು ಬಂದರಿನ ಕಾಫಿ ಅಂಗಡಿಗೆ ಕರೆದೊಯ್ದಳು. ಗಾರ್ನೆಟ್ ದಿನವೂ ಮೇಲ್ ನೋಡುತ್ತಿದ್ದುದು ಅಲ್ಲಿನ ಉಚಿತ ವೈಫೈಯಲ್ಲೇ. ಲಾಕ್ಲನ್‌ನ ಒಪ್ಪಿಗೆ ಪಡೆದು, ಅವನ ಮೇಲ್ ತೆರೆಯಲು ಹೇಳಿ, ತಾನು ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪ್ ಹಿಡಿದು, ಆ ವೈಫೈಯಲ್ಲಿ ಹಾದುಹೋಗುವುದನ್ನು ಓದುತ್ತಾ ಕುಳಿತಳು. ಐದು ನಿಮಿಷದ ಮೇಲೆ ಒಂದು ಚೀಟಿಯನ್ನು ಮಡಚಿ ಅವನತ್ತ ಸರಿಸಿದಳು. ಅದರಲ್ಲಿ ಅವನ ಪಾಸ್‌ವರ್ಡ್ ಇತ್ತು: ತೀರಿಹೋದ ಹೆಂಡತಿಯನ್ನು ಅವನು ಕರೆಯುತ್ತಿದ್ದ ಮುದ್ದಿನ ಹೆಸರು. ಅವನು ಚೀಟಿಯನ್ನು ಮತ್ತೆ ಮಡಚಿ ಜೇಬಿಗಿಟ್ಟ.

"ಏನ್ ಮಾಡ್ಬೇಕು ಹೇಳು," ಎಂದ.

ಆ ವಾರ ಇಬ್ಬರೂ ಕೂತು ಕೆಲಸ ಮಾಡಿದರು. ಎನ್‌ಕ್ರಿಪ್ಟ್ ಆಗದ, ಎಂದರೆ ನಡುವೆ ಇರುವವರು ಓದಬಹುದಾದ ಸಂಪರ್ಕದಲ್ಲಿ ಸರ್ವರ್ ಇನ್ನು ಪಾಸ್‌ವರ್ಡ್ ತೆಗೆದುಕೊಳ್ಳುವುದಿಲ್ಲ. ಮೊದಲು ಲಾಕ್ಲನ್ ಮೇಲ್ ತಂತ್ರಾಂಶಕ್ಕೆ ಎಲ್ಲರ ಪಾಸ್‌ವರ್ಡ್ ಇರುವ ಕಡತವನ್ನೇ ಓದಲು ಬಿಟ್ಟಿದ್ದ. ಆ ತಂತ್ರಾಂಶಕ್ಕೆ ಯಾರಾದರೂ ನುಗ್ಗಿದರೆ ಕಡತವೂ ಅವರ ಕೈಗೆ ಎಂದಳು ರೋಡಾ. ಈಗ ತಾಳೆ ನೋಡುವ ಕೆಲಸ ಬೇರೊಂದು ಪುಟ್ಟ ತಂತ್ರಾಂಶದ್ದು. ಅದು ಹೌದು ಅಥವಾ ಅಲ್ಲ ಎಂದಷ್ಟೇ ಹೇಳುತ್ತದೆ. ನಾವೆಲ್ಲರೂ ಪಾಸ್‌ವರ್ಡ್ ಬದಲಿಸಿದೆವು. ಲಾಕ್ಲನ್ ಎಲ್ಸಿಯ ಮನೆಗೆ ಹೋಗಿ, ತಪ್ಪು ನನ್ನದು ಎಂದು ಹೇಳಿ ಬಂದ.

ಮತ್ತೆ ಕರೆ ಬಂದಾಗ, ಎಲ್ಸಿಯೊಬ್ಬಳನ್ನು ಬಿಟ್ಟು, ಉಳಿದ ಹದಿಮೂರು ಜನರೂ ಹೊರಟೆವು.

ನಿಮ್ಮ ಸಂಘದಲ್ಲೋ ಶಾಲೆಯಲ್ಲೋ ಸ್ವಂತ ಮೇಲ್ ಸರ್ವರ್ ಇದ್ದರೆ, ಅದನ್ನು ನೋಡಿಕೊಳ್ಳುವವರನ್ನು ಇವತ್ತೇ ಕೇಳಿ: ನಮ್ಮ ಪಾಸ್‌ವರ್ಡ್ ದಾರಿಯಲ್ಲಿ ಯಾರಿಗೂ ಕಾಣದಂತೆ ಬರುತ್ತಿದೆಯೇ? ಉತ್ತರ ಸಿಗುವವರೆಗೂ ಬಿಡಬೇಡಿ.