ಹೃದಯದ ಚಿತ್ರವಿದ್ದ ಉಪ್ಪು

ನನ್ನ ಗಂಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವ. ತನ್ನ ನಾಲಿಗೆಯ ಮೇಲೆ ಅವನಿಗಿದ್ದ ಅಭಿಮಾನದಲ್ಲಿ ಕಾಲುಭಾಗ ನನ್ನ ಮೇಲಿದ್ದಿದ್ದರೆ ಸಂಸಾರ ಇನ್ನೂ ಸೊಗಸಾಗಿರುತ್ತಿತ್ತು. ಅಂಥವನ ಹೃದಯ ಸೋತು, ಕಾಲು ಊದಿ, ನಾಲ್ಕು ಮೆಟ್ಟಿಲಿಗೆ ಏದುಸಿರು ಬರತೊಡಗಿದಾಗ ಡಾಕ್ಟರಮ್ಮ ಮಾತ್ರೆಗಳ ಜೊತೆ ಒಂದು ಶಿಕ್ಷೆಯನ್ನೂ ಕೊಟ್ಟರು: ಉಪ್ಪು ಬಂದ್. ಹೃದಯ ಹೋದರೂ ಪರವಾಗಿಲ್ಲ, ನಾಲಿಗೆ ಉಳಿದರೆ ಸಾಕು ಎಂದು ಗೊಣಗಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲವು ವಾರ ಊಟದ ಹೊತ್ತೆಲ್ಲ ರಂಪ. ಆಮೇಲೆ ಇದ್ದಕ್ಕಿದ್ದಂತೆ ಸಾಧುವಾದ. ತಟ್ಟೆ ಖಾಲಿ ಮಾಡಿ, ಚೆನ್ನಾಗಿದೆ ಅನ್ನತೊಡಗಿದ. ಮದುವೆಯಾದಾಗಿನಿಂದ ಕೇಳದ ಮಾತು ಕೇಳಿ ಉಬ್ಬಿಹೋದೆ. ಆಗಲೇ ಅನುಮಾನ ಪಡಬೇಕಿತ್ತು.

ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದವನು ಅಲ್ಲೇ ಕುಸಿದ. ಕಾಲಲ್ಲಿ ಬಲವೇ ಇಲ್ಲ. ಕೈ ಹಿಡಿದು ನೋಡಿದರೆ ನಾಡಿ ಸರ್ಕಾರಿ ಕಡತದ ಹಾಗೆ ನಿಧಾನ.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಪರದೆಯ ಗೆರೆಯಲ್ಲಿ ಗುಂಡಗಿನ ಸಣ್ಣ ದಿಬ್ಬಗಳಿರಬೇಕಾದ ಕಡೆ ಚೂಪಾದ ಗುಡಾರಗಳು ಸಾಲುಗಟ್ಟಿ ನಿಂತಿದ್ದವು. ಡಾಕ್ಟರಮ್ಮನ ಮುಖ ನೋಡಿ ನನ್ನ ಜೀವ ಬಾಯಿಗೆ ಬಂತು. ಏನೇನು ತಿನ್ನುತ್ತಿದ್ದಾರೆ ಎಂದು ಕೇಳಿದರು. ಒಂದು ಹರಳು ಉಪ್ಪನ್ನೂ ಮುಟ್ಟಿಸಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಮಹಾಶಯ ನನ್ನ ಮುಖ ತಪ್ಪಿಸಿ, ಬಿಚ್ಚಿಟ್ಟಿದ್ದ ಅಂಗಿಯ ಕಡೆ ಬೆರಳು ತೋರಿಸಿದ. ಜೇಬಿನಲ್ಲಿ ಪುಟ್ಟ ಡಬ್ಬಿ, ಮೇಲೆ ಕೆಂಪು ಹೃದಯದ ಚಿತ್ರ, ಕೆಳಗೆ 'ಸೋಡಿಯಂ ಇಲ್ಲದ ಉಪ್ಪು' ಎಂಬ ಬರಹ.

"ಹೃದಯದ ಚಿತ್ರ ಇತ್ತಲ್ಲ, ನನ್ನಂಥೋರಿಗೇ ಮಾಡಿರೋದು ಅಂದ್ಕೊಂಡೆ," ಎಂದ.

"ಇದರಲ್ಲಿರೋದು ಬರೀ ಪೊಟ್ಯಾಸಿಯಂ," ಎಂದರು ಡಾಕ್ಟರಮ್ಮ. "ನಿಮ್ಮ ಮಾತ್ರೆಗಳಲ್ಲಿ ಒಂದು ಅದನ್ನ ಮೈಯಿಂದ ಹೊರಗೆ ಹೋಗೋಕೆ ಬಿಡಲ್ಲ. ನೀವು ಮೇಲಿಂದ ಇದನ್ನ ಸುರೀತಿದ್ರಿ. ಜಾಸ್ತಿಯಾದ್ರೆ ಹೃದಯದ ಕರೆಂಟೇ ಕೆಡುತ್ತೆ. ಇನ್ನು ಸ್ವಲ್ಪ ತಡ ಮಾಡಿದ್ರೆ ನಿಂತುಹೋಗ್ತಿತ್ತು."

ನರಕ್ಕೆ ಕ್ಯಾಲ್ಸಿಯಂ ಕೊಟ್ಟರು, ಬಳಿಕ ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ನು, ಜೊತೆಗೆ ಸಕ್ಕರೆ ನೀರು. ಉಪ್ಪು ಕದ್ದವನಿಗೆ ಸಕ್ಕರೆಯ ಉಪಚಾರ. ನನಗೆ ಕೋಪ ನೆತ್ತಿಗೇರಿತ್ತು. ಇವನು ಬದುಕಿದರೆ ನಾನೇ ಕೊಲ್ಲುತ್ತೇನೆ ಅಂದುಕೊಂಡೆ, ದಮ್ಮಯ್ಯ ಬದುಕಲಿ ಅಂತಲೂ ಅಂದುಕೊಂಡೆ. ಪರದೆಯ ಮೇಲಿನ ಗುಡಾರಗಳು ನಿಧಾನವಾಗಿ ಕುಗ್ಗಿದವು.

ಮನೆಗೆ ಬಂದ ಮೇಲೆ ಬಡಿಸುತ್ತಾ ಬೈಗುಳ ಶುರು ಮಾಡಿದೆ.

"ಒಂದು ಚಿಟಿಕೆ ರುಚಿಗೋಸ್ಕರ ನನ್ನ ಬಿಟ್ಟು ಹೋಗೋಕೆ ತಯಾರಿದ್ಯಲ್ಲ?"

ಅವನು ತಟ್ಟೆಯನ್ನು ನನ್ನ ಕಡೆ ತಳ್ಳಿದ. ಅಷ್ಟು ತಿಂಗಳೂ ಅವನಿಗೆ ಬೇರೆ, ನನಗೆ ಬೇರೆ ಬೇಯಿಸಿದ್ದೆ. ಅವನದನ್ನು ಒಮ್ಮೆಯೂ ಬಾಯಿಗಿಟ್ಟಿರಲಿಲ್ಲ. ಈಗ ಒಂದು ತುತ್ತು ಬಾಯಿಗೆ ಹಾಕಿಕೊಂಡೆ. ನುಂಗಲು ಆಗಲಿಲ್ಲ, ಅವನೆದುರು ಉಗುಳಲು ಮನಸ್ಸು ಬರಲಿಲ್ಲ. ನಾನಾಗಿದ್ದರೆ ಮೊದಲ ದಿನವೇ ಕದಿಯುತ್ತಿದ್ದೆ.

ಅಂದಿನಿಂದ ಒಲೆಯ ಮೇಲೆ ಒಂದೇ ಪಾತ್ರೆ, ಉಪ್ಪಿಲ್ಲದ್ದು. ಬೈದುಕೊಂಡೇ ಉಣ್ಣುತ್ತೇವೆ, ಇಬ್ಬರೂ.